ಯಾರ ಹೆಸರಿನಲ್ಲಿದೆಯೋ ಅವರದು

ವಿನಾರ್ಸಿಯ ಹೆಬ್ಬೆರಳಿಗೆ ಆಗಲೇ ಮಸಿ ಹತ್ತಿತ್ತು. ಸಿಡೊಅರ್ಜೊ ಪೇಟೆಯ ನೋಟರಿ, ಎಲ್ಲರೂ 'ಇಬು', ಅಂದರೆ ಅಮ್ಮ, ಎಂದು ಕರೆಯುವ ಹಾರ್ತಿನಿ, ಒಪ್ಪಂದಪತ್ರವನ್ನು ಗಟ್ಟಿಯಾಗಿ ಓದಿ ಮುಗಿಸಿದ್ದರು: ಮದುವೆಯ ಮೇಲೆ ಗಳಿಸಿದ್ದೆಲ್ಲ ಕಾನೂನಿನಂತೆ ಇದುವರೆಗೆ ಇಬ್ಬರದೂ ಆಗಿತ್ತು, ಇಂದಿನಿಂದ ಗಂಡಹೆಂಡಿರ ಆಸ್ತಿ ಬೇರೆ ಬೇರೆ, ಯಾವುದು ಯಾರ ಹೆಸರಿನಲ್ಲಿದೆಯೋ ಅದು ಅವರದು.

ಸಿಗಡಿ ಹಪ್ಪಳದ ಕಾರ್ಖಾನೆ, ಹೊಸ ಮನೆ, ಎರಡು ಲಾರಿ, ಕಾರು, ಎಲ್ಲವೂ ಗಂಡ ತುಗಿಮಾನನ ಹೆಸರಿನಲ್ಲಿದ್ದವು. ಅವಳ ಹೆಸರಿನಲ್ಲಿದ್ದದ್ದು ಒಂದು ಹಳೆಯ ಸ್ಕೂಟರ್. ಹದಿನಾಲ್ಕು ವರ್ಷ ಅವನ ಜೊತೆ ಹಿಟ್ಟು ನಾದಿ, ಬೇಯಿಸಿದ ಹಿಟ್ಟಿನುಂಡೆಯನ್ನು ತೆಳ್ಳಗೆ ಹಪ್ಪಳವಾಗಿ ಕೊಯ್ದು, ಅಂಗಳದಲ್ಲಿ ಒಣಹಾಕುವಾಗ ಹೆಸರಿನ ಮಾತು ಅವಳಿಗೆ ಹೊಳೆದೇ ಇರಲಿಲ್ಲ.

"ನಿನ್ನ ಒಳ್ಳೇದಕ್ಕೇ ಮಾಡಿಸ್ತಿರೋದು. ನಾಳೆ ನನ್ನ ವ್ಯಾಪಾರ ಮುಳುಗಿದ್ರೂ ಬ್ಯಾಂಕಿನೋರು ನಿನ್ನ ತಂಟೆಗೆ ಬರಲ್ಲ," ಎನ್ನುತ್ತ ತುಗಿಮಾನ್ ಕಾಗದವನ್ನು ಮೆಲ್ಲಗೆ ಅವಳ ಬೆರಳಿನ ಕೆಳಕ್ಕೆ ಸರಿಸಿದ. ಅವನು ಎಂದೂ ದನಿ ಏರಿಸಿದವನಲ್ಲ. ಈ ಒಪ್ಪಂದ ಬೇಡವೆಂದರೂ ಆಮೇಲೆ ಅವಳು ಅವನ ಕಾರಿನಲ್ಲಿ ಅವನ ಮನೆಗೇ ಹೋಗಬೇಕಿತ್ತು.

"ಎಲ್ಲಾ ಅರ್ಥ ಆಯ್ತೇನಮ್ಮಾ?" ನೋಟರಿ ಕೇಳಿದರು.

"ಆಗಿದೆ, ಇಬು. ಮನೇಲೇ ಬಿಡಿಸಿ ಹೇಳಿದೀನಿ," ಎಂದ ತುಗಿಮಾನ್.

"ನಾನು ಅವರನ್ನ ಕೇಳಿದ್ದು."

ವಿನಾರ್ಸಿಗೆ ಒಂದೊಂದು ಮಾತೂ ಅರ್ಥವಾಗಿತ್ತು. ಅರ್ಥವಾಯಿತು ಎಂದರೆ ಬೆರಳು ಒತ್ತಬೇಕು. ಒಪ್ಪುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ನನಗೇನೂ ತಿಳೀಲಿಲ್ಲ, ಇಬು," ಎಂದಳು. "ಮೊದಲಿಂದ ಇನ್ನೊಂದ್ಸಲ ಓದಿ."

ತುಗಿಮಾನ್ ನಗಲು ನೋಡಿದ. ನೋಟರಿ ನಗಲಿಲ್ಲ. ಅವಳ ಮುಖವನ್ನೇ ಒಂದು ಕ್ಷಣ ದಿಟ್ಟಿಸಿ, ಪತ್ರದ ಮೊದಲ ಹಾಳೆಗೆ ತಿರುಗಿದರು.

"ನೀವು ಸ್ವಲ್ಪ ಹೊರಗೆ ಕೂತಿರಿ, ತುಗಿಮಾನ್ ಅವರೇ. ಈ ಸಲ ನಿಧಾನವಾಗಿ ಓದ್ಬೇಕಾಗತ್ತೆ."