ಮಾರಾಟಕ್ಕಿಲ್ಲದ ಟಗರು

"ಮಾರಾಕ ತಂದ ಟಗರಿನ ಕೊಳ್ಳಿಗಿ 'ಮಾರಾಟಕ್ಕಿಲ್ಲ' ಅಂತ ಬೋರ್ಡ್ ಕಟ್ಟೀಯಲ್ಲ ತಂಗಿ, ತಲಿ ನೆಟ್ಟಗದನ?" ಔರಾದ ಸಂತೆಯಲ್ಲಿ ಕುರಿಗಾರ ಹಣಮಂತಪ್ಪ ಹೌಹಾರಿದ. ಕೇತಕಿ ಜಗ್ಗಲಿಲ್ಲ. ಜಾಹೀರಾತು ಬರೆದುಕೊಡುತ್ತೇನೆಂದು ಭಾಲ್ಕಿಯ ಅಂಗಡಿ ಅಂಗಡಿ ಅಲೆದು ಬರೀ ಚಹಾ ಗಿಟ್ಟಿಸಿದ್ದ ಅವಳಿಗೆ ಇವನೇ ಮೊದಲ ಗಿರಾಕಿ. ಅದೂ ಬೆಳಿಗ್ಗೆ ಬಸ್ಸಿನಲ್ಲಿ ಕಾಡಿ ಬೇಡಿ ಒಪ್ಪಿಸಿದವನು.

"ಅರ್ಧಾ ತಾಸು ಸುಮ್ಕಿರ್ರಿ ಕಾಕಾ."

ಅರ್ಧ ತಾಸೂ ಬೇಕಾಗಲಿಲ್ಲ. ಉಳಿದ ಟಗರುಗಳನ್ನೆಲ್ಲ ಬಿಟ್ಟು ಮಂದಿ ಇದನ್ನೇ ಮುತ್ತಿಕೊಂಡರು. "ಯಾಕ ಮಾರಲ್ರಿ? ಅಂಥಾದ್ದೇನದರಿ ಇದರಾಗ?" ಎಂದವರೇ ಒಬ್ಬೊಬ್ಬರಾಗಿ, ಸಂತೆಯ ರೂಢಿಯಂತೆ, ಟವೆಲ್ಲಿನ ಮರೆಯಲ್ಲಿ ಹಣಮಂತಪ್ಪನ ಬೆರಳು ಹಿಡಿದು ರೇಟು ಏರಿಸಿದರು. ಒಂದು ಬೆರಳಿಗೆ ಒಂದು ಸಾವಿರ. ಟಗರು ಹೋಯಿತು. ಹಣಮಂತಪ್ಪ ಬೋರ್ಡನ್ನು ಜೋಪಾನವಾಗಿ ಬಿಚ್ಚಿಕೊಂಡು ಇನ್ನೊಂದು ಟಗರಿಗೆ ಕಟ್ಟಿದ.

ಆಮೇಲೆ ಅದೇ ಟವೆಲ್ಲನ್ನು ಕೈಮೇಲೆ ಹಾಕಿಕೊಂಡು ಅವಳತ್ತ ಚಾಚಿದ. "ನಿಮ್ಮ ರೇಟ್ ಹಿಡೀರಿ, ಮೇಡಂ."

ಕೇತಕಿ ಐದೂ ಬೆರಳನ್ನು ಒಟ್ಟಿಗೇ ಹಿಡಿದಳು.

"ಯವ್ವಾ! ಒಂದ್ ಬೋರ್ಡಿಗಿ?" ಅವನು ಕೈ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ಟಗರು ಮಾರಾಟಕ್ಕಿಲ್ರಿ ಕಾಕಾ. ನನ್ನ ಬರವಣಿಗಿ ಮಾರಾಟಕ್ಕ ಅದ."