ಗೋಡೆಯ ಮೇಲಿನ ಕೈಗಳು

ಬಾಣಲೆಯಲ್ಲಿ ಶೇಂಗಾ ಎಣ್ಣೆ ಕಾದ ವಾಸನೆ ಬಂದರೆ ನನಗೆ ಈಗಲೂ ಚನ್ನಗಿರಿಯ ಗಿರಣಿ ಬೀದಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಮುಚ್ಚಿಹೋಗಿದ್ದ ಎಣ್ಣೆ ಗಿರಣಿಗಳನ್ನು ಅಂಗಡಿಗಳಾಗಿ ಮಾಡುತ್ತಿದ್ದರು. ನೋಡಿಬರಲು ಅಜ್ಜಿಯ ಜೊತೆ ಹೋಗಿದ್ದೆ. ಒಂದು ಗಿರಣಿಯ ಬಾಗಿಲ ಪಕ್ಕ, ಬಣ್ಣ ಬಳಿಯುವ ರಫೀಕ್ ಚಾಚಾ ಬ್ರಷ್ ಹಿಡಿದು ಗೋಡೆ ನೋಡುತ್ತ ನಿಂತಿದ್ದರು. ಒಣಗಿದ ಸುಣ್ಣದೊಳಗಿಂದ ಕಂದುಬಣ್ಣದ ಅಂಗೈ ಗುರುತುಗಳು ಒಂದೊಂದಾಗಿ ಮೂಡುತ್ತಿದ್ದವು.

"ಎಷ್ಟ್ ಬಳಿದ್ರೂ ಮೇಲೆ ಬರ್ತಾವೆ ನೋಡ್ರಿ ಅಜ್ಜಿ," ಎಂದರು.

"ಬರ್ದೆ ಏನ್ ಮಾಡ್ತಾವೆ? ಕೈಗೆ ಹತ್ತಿದ ಗಿರಣಿ ಎಣ್ಣೆನೂ ಮನಿಗೆ ಒಯ್ಯಬಾರ್ದು ಅಂತಿದ್ರು ಸಾವ್ಕಾರ್ರು. ಸಂಜಿಗೆ ಹೊರಡೋವಾಗ ಎಲ್ಲಾರೂ ಈ ಗೋಡೆಗೆ ಕೈ ಒತ್ತಿ ಹೋಗ್ತಿದ್ವಿ. ಒಬ್ಬೊಬ್ಬರಿಗೆ ಒಂದೊಂದು ಜಾಗ," ಎಂದಳು ಅಜ್ಜಿ.

"ನಿಂದು ಯಾವುದಜ್ಜಿ?" ಮೇಲಿನ ದೊಡ್ಡ ಕೈಗಳಲ್ಲಿ ಹುಡುಕುತ್ತ ಕೇಳಿದೆ.

ಅಜ್ಜಿ ಬಗ್ಗಿ, ನನ್ನ ಎದೆಮಟ್ಟದಲ್ಲಿದ್ದ ಪುಟ್ಟ ಅಂಗೈಯೊಂದನ್ನು ಸೆರಗಿನಿಂದ ಒರೆಸಿದಳು. "ಇದು. ಆಗ ನಿನ್ನಷ್ಟೇ ಇದ್ದೆ."

ನನ್ನ ಕೈಯನ್ನು ಅದರ ಮೇಲಿಟ್ಟೆ. ಬೆರಳಿಗೆ ಬೆರಳು ಸರಿಯಾಗಿ ಕೂತಿತು.

"ಹಂಗಾದ್ರೆ ನಾನೂ ಕೆಲ್ಸಕ್ಕೆ ಬರಬೋದಿತ್ತು," ಎಂದೆ, ಖುಷಿಯಲ್ಲಿ.

ಅಜ್ಜಿ ಗೋಡೆಯಿಂದ ನನ್ನ ಕೈ ಬಿಡಿಸಿ ಚಾಚಾನ ಕಡೆ ತಿರುಗಿದಳು.

"ಇದೊಂದರ ಮ್ಯಾಲೆ ಇನ್ನೊಂದ್ ಸಲ ಬಳೀರಿ."