ಖಾಲಿ ಬಟ್ಟಲು ಕೊಡಬಾರದು

ಮೊಸರಿನ ಹೆಪ್ಪಿನಂತೆ ಹಸಿವನ್ನೂ ಪಕ್ಕದ ಮನೆಯಿಂದ ಬಟ್ಟಲಲ್ಲಿ ಕಡ ತರುತ್ತಿದ್ದ ಕಾಲವದು. ನೆರೆಯ ಕುಮುದಾ ಸಂಜೆಗೆ ಒಂದು ಹಿಡಿ ಮೊಳಕೆಕಾಳಿನ ಉಸಲಿ ತಿಂದೇ ತೆಳ್ಳಗಾಗಿದ್ದಳು. ಅದೇ ಉಸಲಿಯ ಮೇಲೆ ನಾಲ್ಕು ಕೋಡುಬಳೆಯನ್ನೂ ತಿನ್ನುತ್ತಿದ್ದ ವತ್ಸಲೆಗೆ ಹೊಟ್ಟೆಕಿಚ್ಚು.

"ನಿಮ್ಮ ಹಸಿವು ಒಂಚೂರು ಕೊಡ್ರೀ," ಎಂದಳು.

"ತಗೊಳ್ಳಿ. ಪ್ರೋಟೀನ್ ಸಿಕ್ಕಿದ್ರೆ ಇದು ತೆಪ್ಪಗಿರತ್ತೆ," ಎಂದು ಕುಮುದಾ ಕೊಟ್ಟಳು.

ಆ ಪುಟ್ಟ ಹಸಿವಿಗೆ ಉಸಲಿಯೇ ಸಾಕಾಯಿತು. ಖಾಲಿ ಬಟ್ಟಲು ಹಿಂತಿರುಗಿಸಬಾರದಲ್ಲ. ವತ್ಸಲೆ ತೆಗೆದಿಟ್ಟಿದ್ದ ತನ್ನ ಹಳೆಯ ಹಸಿವನ್ನೇ ಅಂಚಿನವರೆಗೆ ತುಂಬಿ ಕೊಟ್ಟಳು. ಬಂದದ್ದನ್ನು ಬೇಡವೆನ್ನದೆ ಕುಮುದಾ ಕುಡಿದಳು.

ಯುಗಾದಿಯ ಹೊತ್ತಿಗೆ ವತ್ಸಲೆಯ ರವಿಕೆಗಳೆಲ್ಲ ಸಡಿಲವಾದವು. "ಹೇಗೆ ಕಾಣ್ತೀನ್ರೀ?" ಎಂದು ಗಂಡನನ್ನು ಕೇಳಿದಳು.

ಅವನ ಕಣ್ಣು ಪಕ್ಕದ ಜಗಲಿಯಲ್ಲಿ ಕೋಡುಬಳೆ ಮೆಲ್ಲುತ್ತಿದ್ದ ಕುಮುದಾಳ ಮೇಲಿತ್ತು. "ಸೊರಗಿದ್ದೀಯಲ್ಲೇ. ಅವರನ್ನ ನೋಡು, ಮೈಕೈ ತುಂಬ್ಕೊಂಡು ಎಷ್ಟು ಲಕ್ಷಣವಾಗಿದ್ದಾರೆ."